ಮಾಂಸವಿಲ್ಲದ ಪಾದರಸ

ಕ್ರೀಮ್ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿರುವವಳ ಮನೆಗೆ ಜನ ಚಹಾ ಕುಡಿಯಲು ಬರುವುದಿಲ್ಲ, ಬೆಳ್ಳಗಾಗಲು ಬರುತ್ತಾರೆ. ನಾನೇ ಎಣ್ಣೆಗಪ್ಪು. ಅದನ್ನು ನೋಡಿಯೂ ಇದುವರೆಗೆ ಒಬ್ಬರಿಗೂ ಬುದ್ಧಿ ಬಂದಿಲ್ಲ.

೧. ಗ್ಲಿಸರಿನ್ನಿನ ಕುಲ

ಯಜಮಾನರ ಬ್ಯಾಂಕ್ ವರ್ಗಾವಣೆಯಿಂದ ಕಲಬುರಗಿ ಬಿಟ್ಟು ನಾಶಿಕಕ್ಕೆ ಬಂದಾಗ ಒಂದು ಸಣ್ಣ ಕಾರ್ಖಾನೆ ಸೇರಿದೆ. ಅಲ್ಲಿನ ಮಾಲೀಕರಿಗೆ ತಮ್ಮ ಫೇರ್‌ನೆಸ್ ಕ್ರೀಮಿನ ಮೇಲೆ ಹಲಾಲ್ ಮುದ್ರೆ ಬೇಕಿತ್ತು. ಭಕ್ತಿಯಿಂದಲ್ಲ, ದುಬೈಗೆ ಮಾರುವ ಆಸೆಯಿಂದ.

"ಮೊದಲು ಗ್ಲಿಸರಿನ್ ಪ್ರಾಣಿಯ ಕೊಬ್ಬಿನದೋ ಗಿಡದ ಎಣ್ಣೆಯದೋ ಗೊತ್ತಾಗಬೇಕು" ಎಂದೆ. ಅವರು ನನ್ನೆದುರೇ ಮಾಲು ಕಳಿಸುವವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ನಿನ್ನ ಗ್ಲಿಸರಿನ್ ಯಾವುದರದ್ದಪ್ಪಾ?"

"ನಿಮಗೆ ಯಾವುದರದ್ದು ಬೇಕು ಹೇಳಿ ಶೇಟ್, ಅದರದ್ದೇ ಅಂದುಬಿಡೋಣ."

ಮಾಲೀಕರು ಫೋನಿಟ್ಟು, "ನೋಡಿ ಮೇಡಂ, ಎಂಥ ಹೊಂದಿಕೊಳ್ಳುವ ಮನುಷ್ಯ!" ಎಂದರು.

೨. ಕಸದ ಬುಟ್ಟಿ

ಈಗ ಸಂಭಾಜಿನಗರದಲ್ಲಿದ್ದೇವೆ, ನನ್ನ ಕೆಲಸ ಊರಂಚಿನ ಚಿಕಲಠಾಣಾದ ಕ್ರೀಮ್ ಕಾರ್ಖಾನೆಯಲ್ಲಿ. ನಮ್ಮ ಮೇಲ್ಮನೆಯವರು ಬೀದರಿನ ಬಟ್ಟೆ ವ್ಯಾಪಾರಿಗಳು. ಆ ಮನೆಯಾಕೆ ಎಂಥ ಮಡಿವಂತರೆಂದರೆ ಮೊಟ್ಟೆ ಹಾಕಿದ ಕೇಕಿನ ಅಂಗಡಿ ಕಂಡರೆ ರಸ್ತೆ ದಾಟುತ್ತಾರೆ. ಅವರ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಹುಡುಗಿಗೆ ಬೆಳ್ಳಗಾಗುವ ಹಂಬಲವಿರಲಿಲ್ಲ, ತಾಯಿಗಿತ್ತು. ಆಕೆ, ನಾವೆಲ್ಲ ಖಾಲಾ ಅಂದರೆ ಚಿಕ್ಕಮ್ಮ ಎನ್ನುವ ಕೆಳಮನೆಯ ಟೇಲರ್ ಜೊತೆ ಸಂತೆಗೆ ಹೋಗಿ, ಇಬ್ಬರೂ ಹೆಸರಿಲ್ಲದ ಒಂದೊಂದು ಕ್ರೀಮ್ ಡಬ್ಬಿ ತಂದರು. ಹಚ್ಚುವ ಮುಂಚೆ ಪರೀಕ್ಷೆ ಮಾಡಿಕೊಡಿ ಎಂದು ಖಾಲಾ ತಮ್ಮದನ್ನು ನನಗೆ ಕೊಟ್ಟರು. ಅವರಿಗೆ ಅದು ಹಲಾಲೋ ಎಂಬ ಚಿಂತೆ, ಬೀದರಿನವರಿಗೆ ಮಾಂಸ ಗೀಂಸ ಇದೆಯೋ ಎಂಬ ಚಿಂತೆ.

"ಕೊಬ್ಬಿನ ಮಾತು ಆಮೇಲೆ, ಇದರಾಗ ಪಾದರಸ ಅದ. ಕಿಡ್ನಿ ಹೋಗ್ತದ" ಎಂದೆ, ಪರೀಕ್ಷೆ ಮುಗಿಸಿ ಇಬ್ಬರನ್ನೂ ಮನೆಗೆ ಕರೆದು.

ಖಾಲಾ ತಕ್ಷಣ, "ಮೈಗೆ ಕೇಡು ಮಾಡುವುದು ಹಲಾಲ್ ಹೇಗಾದೀತು?" ಎಂದು ಡಬ್ಬಿಯನ್ನು ನನ್ನ ಕಸದ ಬುಟ್ಟಿಗೆ ಎಸೆದರು.

ಬೀದರಿನವರು ಯೋಚಿಸಿದರು. "ಪಾದರಸ ಅಂದ್ರ ಮಾಂಸ ಏನ್ ಅಲ್ಲಲ್ರಿ?"

"ಅಲ್ಲ. ಆದ್ರ ವಿಷ ಅದರಿ!"

"ಹಾಂಗಾದ್ರ ಅಡ್ಡಿ ಇಲ್ಲ ಬಿಡ್ರಿ" ಎಂದು ಬುಟ್ಟಿಗೆ ಕೈ ಹಾಕಿ ಖಾಲಾನ ಡಬ್ಬಿಯನ್ನೂ ಸೆರಗಿನಲ್ಲಿ ಒರೆಸಿಕೊಂಡು ಹೋದರು.

೩. ಮೊದಲು ಪಾವಣ್ಯಾರು

ಅದನ್ನು ಹಚ್ಚಿದ ಹುಡುಗಿಯ ಕೆನ್ನೆ ಕೆಂಪಾಗಿ ಸಿಪ್ಪೆ ಎದ್ದಿತು. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ನಾನೇ ಡಾಕ್ಟರರ ಹತ್ತಿರ ಕರೆದೊಯ್ದೆ. ಅವಳು ಕ್ರೀಮ್ ಬಿಟ್ಟಳು, ಮುಖ ತಣ್ಣಗಾಗಿ ಮೊದಲಿನ ಬಣ್ಣಕ್ಕೆ ಬಂತು. ತಾಯಿ ಮಾತ್ರ, ಈ ಸಂಬಂಧ ಕುದುರಿದ ಮೇಲೆ ಮದುವೆತನಕ ಮತ್ತೆ ಹಚ್ಚಿಸುವುದೇ ಸೈ ಎಂದು ಎರಡೂ ಡಬ್ಬಿ ಕಾದಿಟ್ಟರು.

ಗಂಡಿನವರು ಬಂದ ದಿನ ನನ್ನನ್ನೂ ಕರೆದಿದ್ದರು. ಹುಡುಗ ಇಲ್ಲೇ ಹತ್ತಿರದ ಬಿಡಕಿನ್ನಿನ ಹೊಸ ಕಾರ್ಖಾನೆಯಲ್ಲಿ ಎಂಜಿನಿಯರ್, ಮುಖ ಹಾಲಿನಂತೆ ಬೆಳ್ಳಗೆ. ಅವನ ತಾಯಿ ಕೂರುವ ಮೊದಲೇ ಹೇಳಿದರು:

"ಈಗಿನ ಹುಡುಗ್ಯಾರ ಮಾರಿ ನಂಬಲಿಕ್ಕೆ ಬರಾಂಗಿಲ್ಲ. ಮಾರಿ ತೊಳಕೊಂಡು ಬರ್ಲಿ, ಖರೇ ಬಣ್ಣ ನೋಡ್ತೀವಿ."

ಅರ್ಧ ಮರಾಠಿಯಲ್ಲೇ ಬೆಳೆದ ಹುಡುಗಿ ತಂಬಿಗೆ, ಬಿಳಿ ಟವೆಲ್ ಹಿಡಿದು ನೇರ ಹುಡುಗನೆದುರು ನಿಂತಳು.

"ಆಧೀ ಪಾವಣ್ಯಾರು, ಆಂಟಿ. ನಮ್ಮನ್ಯಾಗ ಕೈಕಾಲ್ ಮಾರಿಗೆ ನೀರು ಮೊದಲ ಬಂದವ್ರಿಗೇ ಕೊಡ್ತಾರ."

ಮೊದಲು ಅತಿಥಿಗೆ ಎಂಬ ಪದ್ಧತಿಗೆ ಇಲ್ಲ ಎನ್ನುವುದು ಹೇಗೆ? ಹುಡುಗ ಬಚ್ಚಲಿಗೆ ಹೋದ. ಟವೆಲ್ಲಿಗೆ ಮುಖದ ಮೇಕಪ್ಪೆಲ್ಲ ಬಂದಿತ್ತು, ಹಿಂದಿರುಗಿದವನಿಗೆ ನನ್ನ ಬಣ್ಣ ಬಂದಿತ್ತು. ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ ಹುಡುಗಿಯ ತಂದೆ ಎದ್ದು ಕೈಮುಗಿದು, "ಬರ್ರಿ, ನೀವು ಹುಡುಗನ ಅಣ್ಣ ಏನ್ರಿ?" ಎಂದರು.

ಸಂಬಂಧ ಅಲ್ಲಿಗೇ ಮುಗಿಯಿತು. ಮಗಳ ಮುಖವನ್ನೂ ಆ ಟವೆಲ್ಲನ್ನೂ ಒಂದೊಂದು ಸಲ ನೋಡಿದ ತಾಯಿ ಒಳಗೆ ಹೋದರು. ಹೊರಟು ನಿಂತ ಹುಡುಗನ ತಾಯಿಗೆ ಕುಂಕುಮ ಹಚ್ಚಿ, ಎಲೆ ಅಡಿಕೆಯ ಜೊತೆ ಎರಡೂ ಡಬ್ಬಿಗಳನ್ನು ಉಡಿಗೆ ಹಾಕಿದರು. ಅದು ವಿಷ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು:

"ಹಚ್ಚಿದ್ರ ಮಾರಿ ಸುಡ್ತದರಿ ಅಕ್ಕಾ, ಕಿಡ್ನೀನೂ ಹೋಗ್ತದಂತ. ಆದ್ರ ಹೆದರಬ್ಯಾಡ್ರಿ, ಮಾಂಸ ಇಲ್ಲ."