ಮೋಟಾರಿಗೆ ಹೊದಿಸಿದ ಶಾಲು

ಅವಮಾನವನ್ನು ಹೇಗೋ ತಡೆದುಕೊಳ್ಳಬಹುದು, ಸನ್ಮಾನವನ್ನು ತಡೆದುಕೊಳ್ಳುವುದು ಬಹಳ ಕಷ್ಟ. ಅವಮಾನ ಮಾಡಿದವನ ಮೇಲೆ ಫಿರ್ಯಾದಿ ಕೊಡಬಹುದು. ಸನ್ಮಾನ ಮಾಡಿದವನ ಮೇಲೆ ಏನೆಂದು ದಾವೆ ಹಾಕುತ್ತೀರಿ? ಲಿಂಗಸುಗೂರಿನಲ್ಲಿ ವಕೀಲಿ ಮಾಡುತ್ತಿದ್ದ ನಾನು ನಿಜಾಮ ಸರ್ಕಾರದ ಕಾಯಿದೆಗಳನ್ನೆಲ್ಲ ಉರ್ದುವಿನಲ್ಲಿ ಬಾಯಿಪಾಠ ಮಾಡಿದ್ದೆ. ಮೋಟಾರಿಗೆ ಹಾರ ಹಾಕಿದವರನ್ನು ಹಿಡಿದು ಕೇಳುವ ಕಲಮು ಅದರಲ್ಲಿ ಒಂದೂ ಇರಲಿಲ್ಲ.

ಮೋಟಾರು ನನ್ನದೇ. ಹಟ್ಟಿಯ ಚಿನ್ನದ ಗಣಿಯಲ್ಲಿದ್ದ ಬಿಳಿಯ ದೊರೆಯೊಬ್ಬರು ಸ್ವದೇಶಕ್ಕೆ ಹೊರಟಾಗ ತಮ್ಮ ಹಳೆಯ ಗಾಡಿಯನ್ನು ನನಗೆ ದಾಟಿಸಿ ಹೋಗಿದ್ದರು. ಹೋಗುವ ಮುಂಚೆ ಅದರ ಮೂತಿಯ ಜಾಲರಿಯನ್ನು ತಟ್ಟಿ, ಇಲ್ಲಿ ಗಾಳಿ ಬಡಿಯುತ್ತಿರಬೇಕು, ಆಗಲೇ ಒಳಗಿನ ನೀರು ತಣ್ಣಗಾಗುವುದು ಎಂದು ಕೈಸನ್ನೆ ಮಾಡಿ ತಿಳಿಸಿದ್ದರು. ನಾನು ತಲೆಯಾಡಿಸಿದ್ದೆ. ಕಕ್ಷಿದಾರರು ಹೇಳುವುದನ್ನೆಲ್ಲ ಕೇಳಿದಂತೆ ತಲೆಯಾಡಿಸಿ ಆಡಿಸಿ ನನ್ನ ಕುತ್ತಿಗೆಗೆ ಅದು ರೂಢಿಯಾಗಿಬಿಟ್ಟಿದೆ.

ಆಗ ನನ್ನ ಹೆಂಡತಿ ಗೌರವ್ವ ಬಾಣಂತನಕ್ಕೆಂದು ಸಿಂಧನೂರಿನ ತವರಿನಲ್ಲಿದ್ದಳು. ಮಗನನ್ನು ನಾನು ತೊಟ್ಟಿಲು ಕಾರ್ಯದಲ್ಲಿ ಒಮ್ಮೆ ನೋಡಿದ್ದು, ಅದೂ ಹೆಂಗಸರ ಗುಂಪಿನ ಹಿಂದೆ ನಿಂತು, ಬರೀ ಕಾಲು. ಮುಖ ನೋಡಬೇಕೆಂದು ಜೀವ ಒದ್ದಾಡುತ್ತಿತ್ತು. ಅಷ್ಟರಲ್ಲಿ ಆಷಾಢ ಹತ್ತಿರ ಬಂತು. ಅದರೊಳಗೆ ತವರಿನ ಹೊಸ್ತಿಲು ದಾಟಲು ಇರುವುದು ಒಂದೇ ಒಳ್ಳೆಯ ದಿನ, ತಪ್ಪಿದರೆ ತಾಯಿ ಮಗು ಶ್ರಾವಣಕ್ಕೇ ಬರುವುದು ಎಂದು ನಮ್ಮ ಮಠದ ಅಯ್ಯನವರು ಪಂಚಾಂಗ ನೋಡಿ ಹೇಳಿಬಿಟ್ಟರು. ಎತ್ತಿನ ಬಂಡಿ ಬೇಡ, ಮೋಟಾರು ತರುತ್ತೇನೆ, ಸಜ್ಜಾಗಿರು ಎಂದು ನಾನು ಗೌರವ್ವನಿಗೆ ಹೇಳಿಕಳಿಸಿದೆ. ಹೇಳಿಕಳಿಸಿದ ಮೇಲೆ ಓಣಿಯಲ್ಲಿ ಎದೆ ಉಬ್ಬಿಸಿಕೊಂಡು ಎರಡು ಸುತ್ತು ಹಾಕಿದ್ದೂ ನಿಜ.

ಆ ಒಳ್ಳೆಯ ದಿನ ಬೆಳಿಗ್ಗೆ ನಮ್ಮವ್ವ ಮೋಟಾರಿಗೆ ಅರಿಶಿನ ಕುಂಕುಮ ಹಚ್ಚಿ, ಜಾಲರಿಯ ತುಂಬ ಚೆಂಡು ಹೂವಿನ ಹಾರ ಕಟ್ಟಿದಳು. ಅಲ್ಲಿಗೆ ಗಾಳಿಯ ಅರ್ಧ ದಾರಿ ಮುಚ್ಚಿತು. ಉಳಿದರ್ಧವನ್ನು ಮಸ್ಕಿಯ ಬಸಪ್ಪ ನೋಡಿಕೊಂಡ. ಬಸಪ್ಪ ಹತ್ತಿಯ ವ್ಯಾಪಾರಿ, ನನ್ನ ಹಳೆಯ ಕಕ್ಷಿದಾರ. ಅವನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ್ದೇ ತಡ, ಓಡಿ ಬಂದ.

"ವಕೀಲ್ರ, ನಮ್ಮೂರಾಗ ಮೋಟಾರು ಬಂದೈತಿ, ಬರಿಗೈಲೆ ಕಳಸಾಕ ಆಕ್ಕೈತೇನ್ರಿ?" ಎಂದವನೇ ಒಳಗಿನಿಂದ ಜರತಾರಿ ಶಾಲು ತಂದು, ನನಗೆ ಹೊದಿಸುತ್ತಾನೆಂದು ನಾನು ಭುಜ ಬಗ್ಗಿಸಿ ನಿಂತಿದ್ದರೆ, ನನ್ನನ್ನು ಬಳಸಿ ಹೋಗಿ ಮೋಟಾರಿನ ಮೂತಿಗೆ ಹೊದಿಸಿ ಬಿಗಿಯಾಗಿ ಗಂಟು ಹಾಕಿದ.

ಹೊದಿಸಿದ ಶಾಲನ್ನು ಹೊದಿಸಿದವರ ಕಣ್ಣೆದುರಿಗೆ ತೆಗೆಯುವುದು ನಮ್ಮ ಕಡೆ ಅವರ ಕೆನ್ನೆಗೆ ಹೊಡೆದಂತೆ. ಊರು ದಾಟಿದ ಮೇಲೆ ತೆಗೆದರಾಯಿತು ಎಂದುಕೊಂಡೆ. ಆದರೆ ಬಸಪ್ಪ, "ನನಗೂ ಸಿಂಧನೂರಾಗ ಕೆಲಸ ಐತ್ರಿ" ಎನ್ನುತ್ತ ಪಕ್ಕದಲ್ಲಿ ಹತ್ತಿ ಕುಳಿತ. ದಾರಿಯುದ್ದಕ್ಕೂ ತನ್ನ ಶಾಲನ್ನೇ ನೋಡಿ ನೋಡಿ ಸಂತೋಷಪಟ್ಟ.

ಮಸ್ಕಿ ಬಿಟ್ಟು ಸ್ವಲ್ಪ ದೂರ ಹೋಗುವುದರಲ್ಲಿ ಶಾಲಿನ ಅಂಚಿನಿಂದ ಬಿಳಿ ಹೊಗೆ ಏಳತೊಡಗಿತು. ಒಳಗೆ ಅನ್ನ ಕುದಿಯುವ ಸದ್ದು.

"ಬಸಪ್ಪ, ಏನೋ ಸುಡಾಕತ್ತೈತಿ."

"ಏನಿಲ್ರಿ, ಹುಕ್ಕಾ ಸೇದಾಕತ್ತೈತಿ. ದೊರೆ ಮೋಟಾರು ಅಂದ್ಮ್ಯಾಗ ಅಷ್ಟು ಮಿಜಾಜು ಇರಬೇಕಲ್ರೀ. ನೀವು ಹೊಡೀರಿ."

ಹೊಡೆದೆ. ಗಾಡಿ ಕೆಮ್ಮಿತು, ನಡುಗಿತು, ಎರೆಹೊಲಗಳ ನಡುವೆ, ನೆರಳಿಲ್ಲದ ಕಡೆ ನೋಡಿಕೊಂಡು ನಿಂತಿತು. ಇಬ್ಬರೂ ಇಳಿದು ಮುಚ್ಚಳ ತೆರೆದೆವು. ಕೈ ಸುಟ್ಟುಕೊಂಡಿದ್ದು ನಾನು, "ಅಯ್ಯಯ್ಯೋ" ಎಂದಿದ್ದು ಬಸಪ್ಪ, ಶಾಲು ಕಂದಿದ್ದಕ್ಕೆ.

"ಕಾದ ಹಂಚಿಗೆ ನೀರು ಹೊಡದ್ರ ಆರತೈತಿ, ಇದೂ ಹಂಗ" ಎಂದು ಅವನು ಹೊಲದ ಬಾವಿಯಿಂದ ಕೊಡ ತುಂಬಿ ತಂದ. ಅದು ನನಗೂ ಬಹಳ ಸಮಂಜಸವಾದ ವಾದವೆಂದು ತೋರಿತು. ಇಬ್ಬರೂ ಕೂಡಿ ಕೊಡದ ತಣ್ಣೀರನ್ನು ಕಾದ ಇಂಜಿನ್ನಿನ ಮೇಲೆ ಧಾರಾಳವಾಗಿ ಸುರಿದೆವು. ಚಟ್ ಎಂದು ಒಂದು ಸದ್ದಾಯಿತು. ಇಂಜಿನ್ನಿನ ಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು, ಅದರಿಂದ ಎಣ್ಣೆ ನೀರು ಕಲೆತು ಮಜ್ಜಿಗೆಯಂತೆ ಇಳಿಯತೊಡಗಿತು.

"ಬಾಯಿ ಬಿಟ್ಟೈತಿ, ಇನ್ನ ಮ್ಯಾಲೆ ಉಸಿರಾಡಾಕ ಸಲೀಸು" ಎಂದ ಬಸಪ್ಪ. ಆಗ ಅವನನ್ನು ಅದೇ ಬಾವಿಗೆ ನೂಕಬೇಕೆಂದು ನನಗೆ ಮನಸ್ಸಾರೆ ಅನ್ನಿಸಿತು.

ಹೊತ್ತು ನೆತ್ತಿಯಿಂದ ವಾಲಿತು. ಮಗನ ಮುಖ ಶ್ರಾವಣದವರೆಗೆ ದೂರ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಸಿಂಧನೂರಿನ ಕಡೆಯಿಂದ ಕಮಾನು ಕಟ್ಟಿದ ಬಂಡಿಯೊಂದು ಬಂತು. ಹೊಡೆಯುವವನು ಧೂಳಿಗೆ ಮುಖಕ್ಕೆಲ್ಲ ರುಮಾಲು ಸುತ್ತಿಕೊಂಡಿದ್ದ. ನಾನು ದಾರಿಗೆ ಅಡ್ಡ ನಿಂತು, ಕಚೇರಿಯ ಗತ್ತಿನಲ್ಲಿ ಕೂಗಿದೆ: "ಏ, ಬಂಡಿ ತಿರುಗಿಸು! ಈ ಮೋಟಾರು ಕಟ್ಟಿಕೊಂಡು ಸಿಂಧನೂರಿಗೆ ನಡಿ! ನಾನು ಯಾರು ಗೊತ್ತೈತೇನು?"

"ಗೊತ್ತೈತ್ರಿ" ಎಂದಿತು ಕಮಾನಿನ ಒಳಗಿನ ಹೆಣ್ಣು ದನಿ. "ಸಿಂಧನೂರಾಗ ಈಗ ನಿಮ್ಮವರು ಯಾರದಾರಂತ ಹೊಂಟೀರಿ?"

ಪರದೆ ಸರಿಯಿತು. ಗೌರವ್ವ, ಅವಳ ತಾಯಿ, ತೊಡೆಯ ಮೇಲೆ ನನ್ನ ಮಗ.

"ನೀನು ಬಂಡ್ಯಾಗ ಯಾಕ ಬಂದಿ?" ಎಂದೆ.

"ಮೋಟಾರು ತರ್ತೀನಂತ ಹೇಳಿ ಕಳಸಿದ್ರಲ್ಲ, ಅದಕ್ಕ ನಸುಕಿನ್ಯಾಗ ಬಂಡಿ ಹೂಡಿಸಿದೆ."

ರಾತ್ರಿ ಮಸ್ಕಿಯಲ್ಲಿ ಬಸಪ್ಪನ ಮನೆಯಲ್ಲಿ ತಂಗುವುದೆಂದಾಯಿತು. ಮೋಟಾರನ್ನು ಹಗ್ಗದಿಂದ ಬಂಡಿಯ ಹಿಂದೆ ಕಟ್ಟಿದರು. ಬಸಪ್ಪ ಸಲೀಸಾಗಿ ಬಂಡಿಯ ಮುಂದೆ ಮೂಕಿಯ ಮೇಲೆ ಕುಳಿತು, ನನ್ನ ಮಗನನ್ನು ತೊಡೆಗೆ ಹಾಕಿಕೊಂಡು ಆಡಿಸತೊಡಗಿದ. ಎಳೆಸಿಕೊಳ್ಳುವ ಮೋಟಾರಿನ ಚಕ್ರ ನೆಟ್ಟಗಿಡಲು ಒಬ್ಬರು ಬೇಕಲ್ಲ, ಮೋಟಾರು ನಡೆಸಲು ಬರುತ್ತಿದ್ದವನು ಅಲ್ಲಿ ನಾನೊಬ್ಬನೇ. ಹೀಗೆ ನನ್ನ ಮಗ ಮೊದಲ ಸಲ ನನ್ನ ಮನೆಗೆ ಹೊರಟಾಗ, ನಾನು ಅವನ ಹಿಂದೆ ಧೂಳು ನುಂಗುತ್ತ, ಒಬ್ಬನೇ, ಠೀವಿಯಿಂದ ಕುಳಿತಿದ್ದೆ. ಒಂದು ಕಡೆ ಎತ್ತುಗಳು ನಿಧಾನಿಸಿದವು. ನನಗರಿವಿಲ್ಲದೆಯೇ ಕೈ ಹೋಗಿ ಹಾರ್ನು ಒತ್ತಿಬಿಟ್ಟಿತು.