ಋಣಾಗ್ರ ಬಿಡಿಸುವ ಯಂತ್ರ

"ಅಕ್ಕಾ, ಹಿಟ್ಟಿನ ಕೈ ತೊಳಕೊಂಡು ಲಗೂನ ಬಾ. ಇನ್ನ ಹುಬ್ಬಳ್ಳಿ ಹೆಸರು ಎಲ್ಲಾ ಕಡೆ ಆಗತೈತಿ ನೋಡು" ಎಂದು ತಮ್ಮ ಗುರುಪಾದ ಹಿತ್ತಲಿನಿಂದ ಕೂಗಿದ. ಹೋದ ಸಲ ಹೀಗೆ ಕೂಗಿದಾಗ ಅವನ ರೊಟ್ಟಿ ಬಡಿಯುವ ಯಂತ್ರ ಅಡುಗೆಮನೆಯ ಗೋಡೆ ಬಡಿದಿತ್ತು. ಆದರೂ ಹೋದೆ. ಹೋಗದಿದ್ದರೆ ಮುಖ ಊದಿಸಿಕೊಂಡು ಕೂರುತ್ತಾನೆ.

ಹಿತ್ತಲಲ್ಲಿ ಒಂದು ಕಬ್ಬಿಣದ ಡ್ರಮ್, ಅದಕ್ಕೊಂದು ಕೊಳವೆ, ಕೆಳಗೆ ಸ್ಟೀಲ್ ತಟ್ಟೆ. ಪಕ್ಕದಲ್ಲಿ ಸತ್ತ ಲಿಥಿಯಂ ಬ್ಯಾಟರಿಗಳ ರಾಶಿ. ಆಟೋ ಓಡಿಸುವ ಮೌಲಾಸಾಬ ಇನ್ನೂ ಒಂದು ಚೀಲ ಇಳಿಸುತ್ತಿದ್ದ. ಗುರುಪಾದ ಮಾಸ್ತರಿಕೆಯಲ್ಲಿದ್ದಾಗ ಮೌಲಾಸಾಬನ ಮಗಳಿಗೆ ಪುಕ್ಕಟೆ ವಿಜ್ಞಾನ ಹೇಳಿಕೊಟ್ಟಿದ್ದ. ಆ ಋಣಕ್ಕೆ ಅವನು ಕಂಡವರ ಕರೆಂಟ್ ಆಟೋಗಳ ಹಳೆ ಬ್ಯಾಟರಿಯನ್ನೆಲ್ಲ ನಮ್ಮ ಮನೆಗೇ ಹೊರುತ್ತಾನೆ.

"ಇದರ ಕ್ಯಾಥೋಡಿನಾಗ ಕೋಬಾಲ್ಟ್ ಐತಿ, ನಿಕ್ಕಲ್ ಐತಿ. ಬಿಡಿಸಿ ತಗದ್ರ ಹೊಸಾ ಬ್ಯಾಟರಿ ಮಾಡಬಹುದು" ಎಂದ ಗುರುಪಾದ. "ನನ್ನ ಯಂತ್ರಕ್ಕ ಬರೂದು ಕನ್ನಡ ಒಂದ. ಕ್ಯಾಥೋಡಿಗೆ ಋಣಾಗ್ರ ಅಂತ ಬಾಯಿಲೆ ಹೇಳಿದ್ರ ಸಾಕು."

ಮನೆಯಲ್ಲಿ ನಾವಿಬ್ಬರೇ. ಅವ್ವ ಹೋದ ಮೇಲೆ ಇವನನ್ನು ಓದಿಸುವುದರಲ್ಲಿ ನನ್ನ ಮದುವೆಯ ವಯಸ್ಸು ದಾಟಿತು. ಮನೆ ಇವನ ಹೆಸರಿನಲ್ಲಿದೆ. ನಡುಮನೆಯ ಪಕ್ಕದ ಖೋಲಿಯಲ್ಲಿ ನಾನಿರುವುದು, ಇವನು ಅಕ್ಕನ ಋಣ ನೆನೆಯುತ್ತಾನೆ ಎಂಬ ಒಂದೇ ಆಧಾರದ ಮೇಲೆ. ಆ ಆಧಾರಕ್ಕೆ ಕಾಗದಪತ್ರವೇನೂ ಇಲ್ಲ.

ಗುರುಪಾದ ಡ್ರಮ್ಮಿಗೆ ಬ್ಯಾಟರಿ ಹಾಕಿ, ತರಗತಿಯಲ್ಲಿ ನಿಂತಂತೆ ಎದೆಯುಬ್ಬಿಸಿ, "ಋಣಾಗ್ರವನ್ನು ಬಿಡಿಸು" ಎಂದು ಆಜ್ಞೆ ಕೊಟ್ಟ. ಯಂತ್ರ ಗುಡುಗುಟ್ಟಿತು. ತಟ್ಟೆಗೆ ಕಪ್ಪು ಪುಡಿ ಬಿತ್ತು.

"ಇದು ಪೆನ್ಸಿಲ್ ಕಡ್ಡಿ ಪುಡಿ ಇದ್ದಂಗೈತಲ್ಲೋ?" ಎಂದೆ.

ಅವನು ಬೆರಳಲ್ಲಿ ತಿಕ್ಕಿ ನೋಡಿ ಮುಖ ಹುಳ್ಳಗೆ ಮಾಡಿದ. "ಗ್ರಾಫೈಟ್. ಮೈನಸ್ ಕಡೇದು ತಗದೈತಿ. ಬ್ಯಾಟರಿಯಾಗ ಕ್ಯಾಥೋಡು ಪ್ಲಸ್ ಕಡೆ ಇರತೈತಿ."

"ಹಂಗಾರ ಧನಾಗ್ರ ಅಂತ ಹೇಳು."

"ಕ್ಯಾಥೋಡ್ ಅಂದ್ರ ಋಣಾಗ್ರ ಅಂತ ಜೀವನಪೂರ್ತಿ ಕಲಿಸೇನಿ. ಒಂದು ಡಬ್ಬಿ ಸಲುವಾಗಿ ಮಾತು ಬದಲ ಮಾಡ್ಲೇನು? ತಪ್ಪು ನಂದಲ್ಲ. ಅಗ್ರ ಅನ್ನೂದು ಇದಕ್ಕ ತಿಳೀವಲ್ದು."

ಡ್ರಮ್ಮಿಗೆ ಒದ್ದು ಅಬ್ಬರಿಸಿದ: "ಋಣ ಎಲ್ಲಿದ್ದರೂ ಬಿಡಿಸು! ಚೂರೂ ಉಳಿಸಬೇಡ!"

ಮೊದಲು ಎದ್ದದ್ದು ನಾಯಿ. ನಮ್ಮ ರೊಟ್ಟಿ ತಿಂದೇ ಬೆಳೆದ ಕೆಂಚ ಎದುರುಮನೆಯ ಕಟ್ಟೆಗೆ ಹೋಗಿ, ಅಲ್ಲಿಂದ ನಮ್ಮನ್ನೇ ನೋಡಿ ಬೊಗಳತೊಡಗಿತು. ಆಮೇಲೆ ಮೌಲಾಸಾಬ ತಲೆ ಕೆರೆದುಕೊಂಡ.

"ಮಾಸ್ತರ, ಇವನ್ನ ನಿಮಗ್ಯಾಕ ಕೊಡಬೇಕು ನಾ?" ಎಂದವನೇ ಚೀಲ ಹೆಗಲಿಗೇರಿಸಿ ನಡೆದುಬಿಟ್ಟ.

ಯಂತ್ರ ಬಿಡಿಸುತ್ತಿರುವುದು ಬ್ಯಾಟರಿಯ ಋಣವನ್ನಲ್ಲ ಎಂದು ಆಗ ನನಗೆ ಅರ್ಥವಾಯಿತು. ಎದ್ದುಬಿದ್ದು ಓಡಿ ಪ್ಲಗ್ ಕಿತ್ತೆ. ತಿರುಗಿದರೆ ಗುರುಪಾದ ನನ್ನನ್ನೇ ನೋಡುತ್ತಿದ್ದ.

"ಅಕ್ಕಾ, ನೀ ಈ ಮನ್ಯಾಗ ಯಾಕ ಅದೀ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಸಿಟ್ಟಿನಿಂದ ಕೇಳಿದ್ದರೆ ನಾಲ್ಕು ಬೈದು ಒಲೆ ಮುಂದೆ ಕೂರುತ್ತಿದ್ದೆ.

"ಆ ಖೋಲಿ ಖಾಲಿ ಮಾಡಿಬಿಡು" ಎಂದ. "ಬ್ಯಾಟರಿ ಇಡಾಕ ಜಾಗಾ ಬೇಕು."

ನನಗೆ ಅಳು ಬಂತು. ನಾನೂ ಡ್ರಮ್ಮಿನ ಪಕ್ಕದಲ್ಲೇ ನಿಂತವಳು, ನನ್ನೊಳಗಿನದೂ ಹೋಗಿದ್ದರೆ ಹೊರಡುವುದು ಸುಲಭವಾಗುತ್ತಿತ್ತು. ಹೋಗಿರಲಿಲ್ಲ. ಇವನು ಬೆಳಗ್ಗೆಯಿಂದ ಉಂಡಿಲ್ಲವಲ್ಲ ಎಂದೇ ಇನ್ನೂ ಅನಿಸುತ್ತಿತ್ತು. ಇವನ ಋಣ ನನ್ನ ಮೇಲೆ ಎಂದಾದರೂ ಇದ್ದಿದ್ದರೆ ತಾನೇ ಯಂತ್ರ ಬಿಡಿಸುವುದು.

ಸೀರೆಗಳನ್ನು ಗಂಟು ಕಟ್ಟಿ ಹೊರಬಂದಾಗ ಗುರುಪಾದ ತಟ್ಟೆಯ ಮೇಲೆ ಭೂತಗನ್ನಡಿ ಹಿಡಿದು ಬಗ್ಗಿದ್ದ. ತಟ್ಟೆಯಲ್ಲಿ ಒಂದು ಚಿಟಿಕೆ ಬೂದು ಪುಡಿ ಹೊಸದಾಗಿ ಬಿದ್ದಿತ್ತು. "ಭಾಳ ಶುದ್ಧ ಬಂದೈತಿ" ಎಂದು ಹಿಗ್ಗಿದ.

ಮೂವರ ಋಣವೂ ಸೇರಿ ಅಷ್ಟೇ. ಅದರಲ್ಲಿ ಹೆಚ್ಚಿನ ಪಾಲು ನಾಯಿಯದೇ ಇರಬೇಕು.