ನಾಲ್ಕನೇ ನಂಬರಿನ ಗುಂಡಿಗೆ

ಆಶಾ ಕಾರ್ಯಕರ್ತೆ ಹೊನ್ನವ್ವ ಗಿರಣಿಯ ಬಾಗಿಲಲ್ಲಿ ನಿಂತು ಹೇಳಿದ್ದು ಮೂರೇ ಮಾತು. ಅದರಲ್ಲಿ ಕೊನೆಯದನ್ನು ಅವಳು ನುಂಗಿಕೊಂಡಿದ್ದರೆ ಅಜ್ಜಪ್ಪನ ಆ ಭಾನುವಾರ ಎಂದಿನಂತೆ ಹಿಟ್ಟು ಬೀಸುವುದರಲ್ಲೇ ಕಳೆದುಹೋಗುತ್ತಿತ್ತು.

“ಅಜ್ಜಪ್ಪಣ್ಣಾ, ಇವತ್ತ ಹತ್ತಕ್ಕ ಶಿಗ್ಗಾಂವಿ ಕಲ್ಯಾಣ ಮಂಟಪಕ್ಕ ಬರಬೇಕಂತ್ರಿ. ಡಾಕ್ಟರಗೋಳಿಗೆ ಹಾರ್ಟಿನ ಟ್ರೇನಿಂಗ ಐತಿ, ನಮ್ಮ ಶ್ವೇತಾ ಡಾಕ್ಟರು ನಿಮ್ಮನ್ನ ಕಳಸು ಅಂದಾರ. ಯಾಕ ಅಂತ ಮಾತ್ರ ಕೇಳಬ್ಯಾಡ್ರಿ.”

“ಯಾಕ ಕೇಳಬಾರದು?”

“ಗುಟ್ಟಂತ್ರಿ. ಬಾಯಿ ಬಿಟ್ಟರ ನನ್ನ ಕೆಲಸಕ್ಕ ಬರತೈತಿ,” ಎಂದವಳೇ ಹೊನ್ನವ್ವ ಸ್ಕೂಟಿ ಚಾಲೂ ಮಾಡಿ ಹೊರಟೇಬಿಟ್ಟಳು.

ಹಿರೇಬೆಂಡಿಗೇರಿಯಲ್ಲಿ ಇಪ್ಪತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅಜ್ಜಪ್ಪನಿಗೆ ಸಂಶಯವೆಂಬುದು ಉಸಿರಾಟದಷ್ಟೇ ಸಹಜ. ಬೀಸಲು ಬಂದ ಜೋಳದ ಚೀಲದೊಳಗೆ ಮೊಣಕೈತನಕ ಕೈ ಹಾಕಿ ನೋಡದೆ ಅವನು ಗಾಲಿ ತಿರುಗಿಸಿದ್ದಿಲ್ಲ. ಯಾರಾದರೂ ನಕ್ಕು ಮಾತಾಡಿಸಿದರೆ, ಅವರು ಹೋದ ಮೇಲೆ ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಂಥವನಿಗೆ ‘ಗುಟ್ಟು’ ಎಂದರೆ ಹೇಗಾಗಬೇಡ?

ಕೂಡಲೇ ಹೋದ ತಿಂಗಳ ಶಿಬಿರ ನೆನಪಾಯಿತು. ಶಾಲೆಯಲ್ಲಿ ಎಲ್ಲರ ಎದೆಗೂ ಮೆಷಿನ್ ಹಚ್ಚಿ ನೋಡಿದ್ದರು. ಉಳಿದವರಿಗೆಲ್ಲ ಗುಳಿಗೆ ಕೊಟ್ಟು, ಚೀಟಿ ಬರೆದು, ಉಪ್ಪು ಕಡಿಮೆ ಮಾಡಿರೆಂದು ಬೈದು ಕಳಿಸಿದ ಶ್ವೇತಾ ಡಾಕ್ಟರು ಅಜ್ಜಪ್ಪನಿಗೆ ಮಾತ್ರ ಏನೂ ಕೊಟ್ಟಿರಲಿಲ್ಲ. ಸುಮ್ಮನೆ ನಕ್ಕು, “ನೀವು ಹೋಗ್ರಿ,” ಅಂದಿದ್ದರು. ಡಾಕ್ಟರಾದವರು ನಗುವುದು ಯಾವಾಗ? ಮಾಡಲು ಇನ್ನೇನೂ ಉಳಿಯದಿದ್ದಾಗ!

“ಅಣ್ಣಾ, ಹೊನ್ನವ್ವ ಏನಂದ್ಲು?” ಎಂದು ರಸ್ತೆಯ ಆಚೆಯಿಂದ ರಾಜೇಸಾಬ ಕೂಗಿದ. ಗಿರಣಿಯ ಎದುರಿಗೇ ಅವನ ಪಂಕ್ಚರ್ ಅಂಗಡಿ. ಟ್ಯೂಬಿನಲ್ಲಿ ಗಾಳಿ ಎಲ್ಲಿ ಸೋರುತ್ತದೆಂದು ನೀರಿನಲ್ಲಿ ಅದ್ದಿ ನೋಡುವ ಅವನು, ಊರಿನ ಸುದ್ದಿ ಎಲ್ಲಿ ಸೋರುತ್ತದೆಂಬುದನ್ನು ನೀರಿಲ್ಲದೆಯೇ ಕಂಡುಹಿಡಿಯುತ್ತಿದ್ದ.

ಅಜ್ಜಪ್ಪ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಹಿಟ್ಟಿಗೆ ಬಂದಿದ್ದ ಗುತ್ತೆವ್ವ ಬುಟ್ಟಿ ಇಳಿಸಿ ಗಲ್ಲಕ್ಕೆ ಕೈ ಹಚ್ಚಿದ್ದಳು.

“ನಮ್ಮ ಭಾವಗೂ ಹಿಂಗ ಏನೂ ಹೇಳದ ಕರದಿದ್ರು, ಯಪ್ಪಾ.”

“ಈಗ ಹೆಂಗದಾನ?” ಎಂದ ಅಜ್ಜಪ್ಪ.

ಗುತ್ತೆವ್ವ ಬುಟ್ಟಿ ಎತ್ತಿಕೊಂಡು, “ಹಿಟ್ಟ ನಾಳೆ ಒಯ್ಯತೇನಿ. ನೀ ಇದ್ರ,” ಎಂದು ಹೊರಟುಹೋದಳು.

ರಾಜೇಸಾಬ ಅಂಗಡಿಯ ಬಾಗಿಲು ಎಳೆದು ಬೈಕು ಹೊರಗೆ ತೆಗೆದ. “ಹಿಂದ ಹತ್ತು ಅಣ್ಣಾ. ಇಂಥಾ ಹೊತ್ತಿನ್ಯಾಗ ನಿನ್ನ ಒಬ್ಬನ್ನ ಕಳಸಾಕ ಮನಸ ಒಪ್ಪಾಂಗಿಲ್ಲ.”

‘ಇಂಥಾ ಹೊತ್ತು’ ಎಂದರೆ ಎಂಥಾ ಹೊತ್ತು ಎಂದು ಅಜ್ಜಪ್ಪ ಶಿಗ್ಗಾಂವಿಯತನಕ ಯೋಚಿಸಿದ.

ಕಲ್ಯಾಣ ಮಂಟಪದಲ್ಲಿ ಮದುವೆಯ ಕುರ್ಚಿಗಳ ಮೇಲೆ ಹಾನಗಲ್ಲ, ಸವಣೂರ, ಹಿರೇಕೆರೂರ, ಶಿಗ್ಗಾಂವಿ ನಾಲ್ಕೂ ತಾಲ್ಲೂಕಿನ ಡಾಕ್ಟರುಗಳು ಕೂತಿದ್ದರು. ವಧೂವರರು ಕೂಡ್ರುವ ವೇದಿಕೆಯ ಮೇಲೆ ಹುಬ್ಬಳ್ಳಿಯಿಂದ ಬಂದ ದೊಡ್ಡ ಡಾಕ್ಟರು ಪರದೆಗೆ ಚಿತ್ರ ಬಿಟ್ಟು ಪಾಠ ಮಾಡುತ್ತಿದ್ದರು. ಹತ್ತಿಪ್ಪತ್ತು ವರ್ಷ ಸೂಜಿ ಚುಚ್ಚಿದವರೂ ಹುಡುಗರ ಹಾಗೆ ಬರೆದುಕೊಳ್ಳುವುದನ್ನು ನೋಡಿ ಅಜ್ಜಪ್ಪನ ಜೀವ ಮತ್ತಷ್ಟು ಕುಂದಿತು. “ಇವ್ರು ಇನ್ನ ಕಲಿಯಾಕತ್ತಾರ ಅಂದ್ರ ಇಷ್ಟು ದಿನಾ ಏನ ಮಾಡಿದ್ರೋ?” ಎಂದು ರಾಜೇಸಾಬನ ಕಿವಿಯಲ್ಲಿ ಉಸುರಿದ.

ಶ್ವೇತಾ ಡಾಕ್ಟರು ಓಡಿಬಂದರು. “ಬಂದ್ರಿ? ಭಾಳ ಚೊಲೋ ಆತು. ನಿಮ್ಮಂಥಾವ್ರು ಸಿಗೋದ ಕಷ್ಟ ನೋಡ್ರಿ,” ಎಂದು ಅಂಗಿಗೆ ‘೪’ ಎಂಬ ಚೀಟಿ ಸಿಕ್ಕಿಸಿದರು. “ಡಾಕ್ಟರಗೋಳು ಏನ ಮಾಡಿದ್ರೂ ಸುಮ್ನ ಕುಂತಬಿಡ್ರಿ. ನಿಮ್ಮ ವಿಷಯ ಯಾರ ಮುಂದೂ ಹೇಳಬ್ಯಾಡ್ರಿ.”

ಏನೆಂದು ಗೊತ್ತಿಲ್ಲದ್ದನ್ನು ಯಾರ ಮುಂದೆ ಹೇಳುವುದು ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರು ಮತ್ತೆಲ್ಲಿಗೋ ಓಡಿದ್ದರು.

ಪಕ್ಕದ ಕೋಣೆಯಲ್ಲಿ ನಾಲ್ಕು ಕುರ್ಚಿ. ಒಂದನೆಯದರಲ್ಲಿ ಹಿರೇಕೆರೂರಿನ ಅಡಿವೆವ್ವ, ಎರಡನೆಯದರಲ್ಲಿ ಎದೆಯ ನಡುವೆ ಉದ್ದ ಹೊಲಿಗೆಯ ಗುರುತಿದ್ದ ಸವಣೂರಿನ ಮುದುಕ, ಮೂರನೆಯದರಲ್ಲಿ ಬಿದಿರಿನ ಗಳದಂತೆ ಬೆಳೆದ ಹಾನಗಲ್ಲಿನ ತರುಣ.

“ನನ್ನ ಎದಿಯಾಗಿನ ಬಾಗಲಾ ಸರಿ ಮುಚ್ಚಾಂಗಿಲ್ರಿ,” ಎಂದು ಅಡಿವೆವ್ವ ಹೊಲದ ಪಹಣಿ ಹೇಳುವಷ್ಟು ಹೆಮ್ಮೆಯಿಂದ ಹೇಳಿದಳು. “ಇದು ಮೂರನೇ ಟ್ರೇನಿಂಗ. ನನ್ನಂಥಾ ಸಪ್ಪಳ ಈ ಸೀಮ್ಯಾಗ ಯಾರದೂ ಇಲ್ಲಂತ. ನಿಂದೇನಪಾ?”

“ಗೊತ್ತಿಲ್ಲಬೇ. ಯಾರೂ ಹೇಳವಲ್ರು.”

“ಹೇಳ ಇಲ್ಲಾ? ಅಯ್ಯ ಶಿವನ!” ಎಂದ ಅಡಿವೆವ್ವ ತನ್ನ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು.

ಡಾಕ್ಟರುಗಳು ಸಾಲಾಗಿ ಬಂದರು. ಅಡಿವೆವ್ವನ ಎದೆಗೆ ಕೊಳವೆ ಇಟ್ಟವರ ಮುಖ ನಿಮಿಷದಲ್ಲಿ ಅರಳುತ್ತಿತ್ತು. ಮುದುಕನ ಹೊಲಿಗೆ ನೋಡಿ ತಲೆ ಆಡಿಸುತ್ತಿದ್ದರು. ತರುಣನ ಉದ್ದ ಬೆರಳು ಹಿಡಿದು “ಸರಿ ಸರಿ” ಅನ್ನುತ್ತಿದ್ದರು. ನಾಲ್ಕನೇ ಕುರ್ಚಿಗೆ ಬಂದದ್ದೇ ಎಲ್ಲರ ಮುಖವೂ ಮುದುಡಿಕೊಳ್ಳುತ್ತಿತ್ತು.

ಹಾನಗಲ್ಲಿನ ಹಿರಿಯ ಡಾಕ್ಟರೊಬ್ಬರು ಕಣ್ಣು ಮುಚ್ಚಿ ಕೇಳಿದರು, ಕಣ್ಣು ತೆರೆದು ಅಜ್ಜಪ್ಪನ ಮುಖ ನೋಡಿದರು, ಮತ್ತೆ ಮುಚ್ಚಿ ಕೇಳಿದರು. ಸವಣೂರಿನವರು ಬಲಗೈಯ ಬಿ.ಪಿ. ನೋಡಿ, ಎಡಗೈಯದೂ ನೋಡಿ, ನಂಬಿಕೆ ಬಾರದೆ ಬಲಗೈಗೇ ಮರಳಿದರು. ಇನ್ನೊಬ್ಬರು, “ಮುಂದಕ್ಕ ಬಗ್ಗ್ರಿ, ಉಸರ ಪೂರಾ ಬಿಟ್ಟು ಹಿಡ್ಕೋರಿ,” ಎಂದವರು ಬಿಡಲು ಹೇಳುವುದನ್ನೇ ಮರೆತರು. ಅಜ್ಜಪ್ಪನ ಕಣ್ಣು ಮೇಲಾದವು.

ಹೆಣ್ಣು ಡಾಕ್ಟರೊಬ್ಬರು ಬಾಯಿ ತೆರೆಸಿ ಅಂಗುಳಕ್ಕೆ ಬ್ಯಾಟರಿ ಬಿಟ್ಟು ನೋಡಿ, ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಹಿಡಿಯಲು ಹೇಳಿದರು. ಹೆಬ್ಬೆರಳ ಮಾತು ಬಂದದ್ದೇ ಅಜ್ಜಪ್ಪ ಬೆಚ್ಚಿದ. “ಎಲ್ಲಿ ಒತ್ತಬೇಕ್ರಿ? ಓದಿ ಹೇಳದ ನಾ ಹೆಬ್ಬಟ್ಟ ಒತ್ತಾಂಗಿಲ್ಲ,” ಎಂದ. ಅವರು ಅದನ್ನೂ ಬರೆದುಕೊಂಡರು. ಬರೆಯುವಾಗ ಒಬ್ಬೊಬ್ಬರೂ ಪಕ್ಕದವರಿಗೆ ಕಾಣದಂತೆ ಕೈ ಅಡ್ಡ ಹಿಡಿಯುತ್ತಿದ್ದರು.

ಕಡೆಗೆ ಇಬ್ಬರು ಟೇಪು ತಂದರು. ತರುಣನನ್ನು ಅಳೆದ ಮೇಲೆ, “ಇವರನ್ನೂ ಅಳದ ಬಿಡೋಣು,” ಎಂದು ಅಜ್ಜಪ್ಪನ ಕೈಗಳನ್ನು ಎರಡೂ ಕಡೆ ಚಾಚಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಹಿಡಿದರು. ಆಮೇಲೆ ನೆತ್ತಿಯಿಂದ ಹಿಮ್ಮಡಿಗೆ. ಕಿಟಕಿಯಾಚೆ ನಿಂತು ನೋಡುತ್ತಿದ್ದ ರಾಜೇಸಾಬ ಬಾಯಿಗೆ ಟವೆಲು ಒತ್ತಿಕೊಂಡ. ಅಜ್ಜಪ್ಪನಿಗೂ ಅದೇ ಹೊಳೆದಿತ್ತು: ಇದು ಕುಣಿ ತೋಡುವ ಅಳತೆ.

ಊಟಕ್ಕೆ ಬಿಟ್ಟಾಗ ಅಡಿವೆವ್ವ ಮೂರನೇ ಚಪಾತಿಗೆ ಕೈ ಹಾಕಿದ್ದಳು. ಅಜ್ಜಪ್ಪನಿಗೆ ನೀರೂ ಇಳಿಯಲಿಲ್ಲ. ಅಷ್ಟರಲ್ಲಿ ಹೆಂಡತಿ ಫಕ್ಕೀರವ್ವನ ಫೋನು ಬಂತು.

“ಹೆಂಗದೀರಿ? ಗುತ್ತೆವ್ವ ಬಂದು ಏನೇನೋ ಅಂದ್ಲು. ಓಣಿ ಮಂದಿ ಎಲ್ಲಾ ಬಂದು ಕುಂತಾರ.” ಫಕ್ಕೀರವ್ವ ಬಿಕ್ಕಿದಳು. ಆಮೇಲೆ, “ಗಿರಣಿ ಕೀಲಿ ಎಲ್ಲಿ ಇಟ್ಟೀರಿ?” ಎಂದಳು.

“ಕೀಲಿ ನಿನಗ ಈಗ ಯಾಕ?”

“ಮಂದೀಗೆ ಚಾ ಮಾಡಾಕ ಸಕ್ಕರಿ ಅಲ್ಲೇ ಐತೆಲ್ರಿ.”

ಅಜ್ಜಪ್ಪ ಅದನ್ನೂ ನಂಬಲಿಲ್ಲ.

ರಾಜೇಸಾಬ ಅವನನ್ನು ಮಂಟಪದ ಹಿಂದಿನ ಕಟ್ಟೆಗೆ ಕರೆದೊಯ್ದ. “ಅಣ್ಣಾ, ಬಾಗಲದಾಗ ನಿಂತು ಎಲ್ಲಾ ಕೇಳೇನಿ. ಗುಂಡಿಗಿಯಿಂದ ಒಂದು ದೊಡ್ಡ ರಗತದ ನಳ ಹೊಂಡತೈತಂತ. ಕೆಲವ್ರಿಗೆ ಅದು ಟಾಯರ್‍ನ್ಯಾಗ ಟ್ಯೂಬ ಉಬ್ಬಿದಂಗ ಉಬ್ಬತೈತಂತ. ಒಳಗಿನ ಪದರ ಸೀಳಿತು ಅಂದ್ರ ತಾಸಿನ ಲೆಕ್ಕ. ತಡಾ ಮಾಡಿದ್ರ ಮುಗೀತು ಅಂದ್ರು ದೊಡ್ಡ ಡಾಕ್ಟರು.”

“ಪಂಕ್ಚರ್ ಹಾಕಾಕ ಬರಾಂಗಿಲ್ಲೇನು?”

“ಹುಬ್ಬಳ್ಳ್ಯಾಗ ಹಾಕತಾರಂತ. ಮುಟ್ಟೂತನ ಇರಬೇಕಲಾ,” ಎಂದ ರಾಜೇಸಾಬನ ಕಣ್ಣು ತುಂಬಿದವು.

ಅಜ್ಜಪ್ಪ ಕಟ್ಟೆಯ ಮೇಲೆ ಕುಸಿದ. ಎದೆಯೊಳಗೆ ಏನೋ ಸಣ್ಣಗೆ ಹರಿಯುತ್ತಿರುವಂತೆ ಅನ್ನಿಸಿತು. ಆರು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೊತ್ತುಕೊಂಡೇ ಹೋಗಬೇಕೆ ಎಂದು ನೋಡಿದ. ಆಗಲಿಲ್ಲ. ರಾಜೇಸಾಬನ ಕೈ ಹಿಡಿದುಕೊಂಡ.

“ರಾಜೇಸಾಬ, ನಿನಗೊಂದು ಮಾತ ಹೇಳಬೇಕು. ನಿನ್ನ ಅಂಗಡಿ ಮುಂದಿನ ಬೇವಿನ ಗಿಡಾ...”

“ನಮ್ಮವ್ವ ಹಚ್ಚಿದ ಗಿಡಾನಾ?”

ರಾಜೇಸಾಬನ ತಾಯಿ ಕುಲಸುಮಬಿ ಮದುವೆಯಾಗಿ ಬಂದ ವರ್ಷ ಕೊಡ ಹೊತ್ತು ನೀರು ಹಾಕಿ ಬೆಳೆಸಿದ ಗಿಡ ಅದು. ಆಕೆ ತೀರಿಹೋದ ಮರುವರ್ಷವೇ ಇದ್ದಕ್ಕಿದ್ದಂತೆ ಒಣಗಿತ್ತು. ಅದನ್ನು ಕಡಿಸುವ ದಿನ ರಾಜೇಸಾಬ ಅಂಗಡಿ ತೆಗೆದಿರಲಿಲ್ಲ. ತಂತಿಗೆ ಅಡ್ಡವೆಂದು ಕರೆಂಟಿನವರೇ ಏನೋ ಹಾಕಿ ಒಣಗಿಸಿದರೆಂದು ಇವತ್ತಿಗೂ ಅವನು ಅವರನ್ನು ಬೈಯುತ್ತಿದ್ದ.

“ಕರೆಂಟಿನವರಲ್ಲೋ. ನಾನ,” ಎಂದ ಅಜ್ಜಪ್ಪ. “ಗಿರಣಿಗೆ ಬಂದ ಮಂದಿ ಎಲ್ಲಾ ಚೀಲಾ ಇಲ್ಲಿ ಒಗದು ನಿನ್ನ ನೆರಳಿಗೆ ಹೋಗಿ ಕುಂದರತಿದ್ರು. ಅಲ್ಲಿ ಕುಂತು ನನ್ನ ತೂಕದ ಬಗ್ಗೆ ಮಾತಾಡತಾರ ಅಂತ ಸಂಶೆ ಬಂತು. ದಿನಾ ರಾತ್ರಿ ಒಂದೊಂದು ಡಬ್ಬಿ ಇಂಜಿನ್ನಿನ ಸುಟ್ಟ ಎಣ್ಣಿ ಬುಡಕ್ಕ ಹೊಯ್ದೆ. ಮೂರು ತಿಂಗಳಾ.”

ರಾಜೇಸಾಬ ಕೈ ಬಿಡಿಸಿಕೊಂಡ. ಅವನ ಕೈ ಮುಷ್ಟಿಯಾಗಿ, ಮತ್ತೆ ಸಡಿಲಾಯಿತು. ಅಜ್ಜಪ್ಪನ ಬಾಡಿದ ಮುಖವನ್ನೂ ಅಂಗಿಯ ಮೇಲಿನ ‘೪’ನ್ನೂ ನೋಡಿದ. ಕಡೆಗೆ ಅವನನ್ನು ತಬ್ಬಿಕೊಂಡು ಗಳಗಳ ಅತ್ತ.

“ಹೋಗಲಿ ಬಿಡಣ್ಣಾ. ಗಿಡಾ ಹೋಗೇತಿ, ಈಗ ನೀನೂ ಹೊಂಟಿ. ಇದನ್ನ ಇಟ್ಕೊಂಡು ನಾ ಏನ ಮಾಡಲಿ? ನಮ್ಮವ್ವನ ಹೆಸರಿನ ಮ್ಯಾಲ ಮಾಫ ಮಾಡೇನಿ. ನಿಶ್ಚಿಂತಿ ಇರು.”

ಅಜ್ಜಪ್ಪನಿಗೆ ಜೀವ ಹತ್ತಿಯಷ್ಟು ಹಗುರಾಯಿತು. ಇನ್ನು ಏನು ಬೇಕಾದರೂ ಆಗಲಿ ಎಂದುಕೊಂಡು ರಾಜೇಸಾಬನ ಹೆಗಲ ಮೇಲೆ ಕೈ ಇಟ್ಟು ಒಳಗೆ ಹೋದ.

ಮಧ್ಯಾಹ್ನ ನಾಲ್ವರನ್ನೂ ವೇದಿಕೆ ಹತ್ತಿಸಿದರು. ದೊಡ್ಡ ಡಾಕ್ಟರು ಮೊದಲ ಮೂವರ ರೋಗ ವಿವರಿಸಿದರು. ಅಡಿವೆವ್ವನ ಸಪ್ಪಳವನ್ನು ಮೈಕಿನಲ್ಲಿ ಕೇಳಿಸಿದಾಗ ಆಕೆ ಸೆರಗು ಸರಿಮಾಡಿಕೊಂಡಳು. ಆಮೇಲೆ ಅವರು ಕೈಯಲ್ಲಿದ್ದ ಚೀಟಿಗಳ ಕಂತೆ ಎತ್ತಿ ಹಿಡಿದರು.

“ನಾಲ್ಕನೇ ನಂಬರ. ನೀವು ಮೂವತ್ತೆರಡು ಮಂದಿ. ಹನ್ನೊಂದು ಮಂದಿ ಕವಾಟ ಸೋರತೈತಿ ಅಂದೀರಿ. ಒಂಬತ್ತು ಮಂದಿ ಮಹಾಪಧಮನಿ ಉಬ್ಬೇತಿ ಅಂದೀರಿ. ಹತ್ತು ಮಂದಿ ಇನ್ನೇನೇನೋ ಬರದೀರಿ. ಒಬ್ಬರು ಈಗಿಂದೀಗ ಹುಬ್ಬಳ್ಳಿಗೆ ಕಳಸ್ರಿ ಅಂತ ಬರದು ಎರಡು ಗೆರಿ ಎಳದೀರಿ. ಒಬ್ಬರು ಮಾತ್ರ ‘ನಾರ್ಮಲ್’ ಅಂತ ಬರದಿದ್ರಿ. ಅವರೂ ಅದನ್ನ ಹೊಡದ ಹಾಕೀರಿ.”

ಅಜ್ಜಪ್ಪ ಕಣ್ಣು ಮುಚ್ಚಿದ.

“ಇವರಿಗೆ ಏನೂ ಆಗಿಲ್ಲ. ಇ.ಸಿ.ಜಿ., ಎಕೋ ಎಲ್ಲಾ ಮೊದಲ ಆಗೇತಿ. ನಾಲ್ಕು ತಾಲ್ಲೂಕಿನ ಶಿಬಿರದಾಗ ಹುಡುಕಿ ಹುಡುಕಿ ಆರಿಸಿದ ಆರೋಗ್ಯದ ಗುಂಡಿಗಿ ಇದು. ರೋಗ ಐತಿ ಅಂತ ಗಟ್ಟಿ ಮಾಡ್ಕೊಂಡು ಕಿವಿ ಕೊಟ್ರ ಇಲ್ಲದ ಸಪ್ಪಳಾನೂ ಕೇಳಸ್ತೈತಿ. ಇವತ್ತಿನ ಪಾಠ ಇಷ್ಟ.”

ಡಾಕ್ಟರುಗಳು ಒಬ್ಬರನ್ನೊಬ್ಬರು ನೋಡಿ ನಕ್ಕು ಚಪ್ಪಾಳೆ ತಟ್ಟಿದರು. ಅಜ್ಜಪ್ಪ ಎರಡೂ ಕೈ ಮೇಲೆತ್ತಿ, “ರಾಜೇಸಾಬ, ನನಗೇನೂ ಆಗಿಲ್ಲಂತೋ!” ಎಂದು ಕೂಗಿದ.

ಬಾಗಿಲಲ್ಲಿ ನಿಂತಿದ್ದ ರಾಜೇಸಾಬ ಚಪ್ಪಾಳೆ ತಟ್ಟುತ್ತಿರಲಿಲ್ಲ. ಅವನ ಮುಖದಲ್ಲಿ ಮೊದಲು ಸಂತೋಷವೇ ಬಂದಿತ್ತು. ಆಮೇಲೆ ಅದು ಎಲ್ಲಿಗೋ ಹೋಗಿ, ಬೇರೆ ಏನೋ ಬಂದು ಕೂತಿತು. ಅಜ್ಜಪ್ಪ ಓಡಿ ಹೊರಗೆ ಬರುವಷ್ಟರಲ್ಲಿ ಅವನು ಬೈಕಿನ ಮೇಲಿದ್ದ.

“ತಡೀ, ನಾನೂ ಬರ್ತೇನಿ.”

“ನೀವು ಬಸ್ಸಿಗೆ ಬರ್ರಿ, ಅಜ್ಜಪ್ಪನವರ,” ಎಂದ ರಾಜೇಸಾಬ.

ಮೂವತ್ತು ವರ್ಷದಲ್ಲಿ ಅವನ ಬಾಯಲ್ಲಿ ‘ನೀವು’ ಬಂದದ್ದು ಅದೇ ಮೊದಲು.

“ಅಲ್ಲೋ, ಮಾಫ ಮಾಡೇನಿ ಅಂದಿ...”

“ಸಾಯೋ ಮನಷ್ಯಾನ್ನ ಮಾಫ ಮಾಡಿದ್ದೆ. ನೀವೆಲ್ಲಿ ಸಾಯಾಕತ್ತೀರಿ? ಊರಾಗ ನಿಮ್ಮ ಮನಿ ಮುಂದ ಮಂದಿ ಕುಂತಾರಂತ. ಹೋಗಿ ಹೇಳತೇನಿ ಅವರಿಗೆ, ನೀವು ಆರಾಮ ಅದೀರಿ ಅಂತ. ಗಿಡದ ಸುದ್ದೀನೂ ಹೇಳತೇನಿ.” ಬೈಕು ಧೂಳೆಬ್ಬಿಸಿ ಹೋಯಿತು.

ಅಜ್ಜಪ್ಪ ತಿರುಗಿ ಒಳಗೆ ಓಡಿದ. ಶ್ವೇತಾ ಡಾಕ್ಟರು ಕುರ್ಚಿಗಳ ನಡುವೆ ನಿಂತು ಚಹಾ ಕುಡಿಯುತ್ತಿದ್ದರು.

“ಏನ್ರಿ ಅಜ್ಜಪ್ಪನವರ, ಹೆದರಿದ್ರೇನು? ನಿಮಗೇನೂ ಆಗಿಲ್ಲ ಅಂತ ನಿಮಗಷ್ಟ ಹೇಳು, ಬ್ಯಾರೆ ಡಾಕ್ಟರಗೋಳಿಗೆ ಹೇಳಬ್ಯಾಡ ಅಂತ ಹೊನ್ನವ್ವಗ ಹೇಳಿದ್ನೆಲ್ಲಾ!”

“ಅದಿರಲಿ ಡಾಕ್ಟರ ಬಾಯಾರ,” ಎಂದು ಅಜ್ಜಪ್ಪ ಕೈ ಮುಗಿದ. “ಇನ್ನೊಮ್ಮೆ ನೋಡ್ರಿ. ಮೂವತ್ತೆರಡು ಮಂದಿ ಹೇಳಿದ್ದು ಸುಳ್ಳ ಹೆಂಗಾಕ್ಕೈತ್ರಿ? ದೊಡ್ಡದು ಬ್ಯಾಡ, ಸಣ್ಣದೊಂದು ಏನರ ಇದ್ರ ಒಂದು ಚೀಟಿ ಬರದು ಕೊಡ್ರಿ. ಒಂದು ವಾಯ್ದೆ ಇದ್ರೂ ನಡಿತೈತಿ. ಆರು ತಿಂಗಳಾ, ವರ್ಷಾ...”

ಶ್ವೇತಾ ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಇಷ್ಟು ದೂರ ಬಂದ ಮನುಷ್ಯನೆಂದು ಚಹಾದ ಲೋಟ ಕೆಳಗಿಟ್ಟು, ಅವನ ಎದೆಗೆ ಮತ್ತೆ ಕೊಳವೆ ಇಟ್ಟು ನಿಧಾನವಾಗಿ ಕೇಳಿದರು. ಅಜ್ಜಪ್ಪ ಅವರ ಮುಖವನ್ನೇ ಆಸೆಯಿಂದ ನೋಡುತ್ತ ನಿಂತ.

ಡಾಕ್ಟರು ಕೊಳವೆ ತೆಗೆದು ನಕ್ಕರು.

“ಗಡಿಯಾರ ನಡದಂಗ ನಡದೈತ್ರಿ. ಏನೂ ಚಿಂತಿ ಮಾಡಬ್ಯಾಡ್ರಿ. ಈ ಗುಂಡಿಗಿ ಇಟ್ಕೊಂಡು ನೀವು ಇನ್ನ ಮೂವತ್ತು ವರ್ಷ ಅದ ಗಿರಣ್ಯಾಗ ಕುಂದರತೀರಿ.”